ಸಣ್ಣ ಮೀನುಗಾರಿಕಾ ದೋಣಿಗೆ ಜಿ.ಪಿ.ಎಸ್. ಯಂತ್ರದ ಆಯ್ಕೆ

ಮುಂಬಯಿಯಲ್ಲಿ ನೆಲೆಸಿದ ಕರಾವಳಿ ಕನ್ನಡಿಗರಿಗೂ ಕಡಲಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಈ ಮಹಾನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯು ಸ್ಥಾಪನೆಗೊಂಡುದು 1902ರಲ್ಲಿ ಎಂಬುದನ್ನು ನೆನೆದರೆ ಈ ನಂಟು ಎಷ್ಟು ಹಳೆಯದೆಂಬುದು ತಿಳಿದೀತು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಬ್ಯಾಂಕು, ಕಚೇರಿ, ಹೋಟೆಲು, ಕಾರ್ಖಾನೆಗಳನ್ನು ಸೇರಿದ್ದಾರಾದರೂ, ಊರಿನಲ್ಲಿ, ಅಂದರೆ ಕಾರವಾರದಿಂದ ಉಳ್ಳಾಲದವರೆಗಿನ ಕಡಲತಡಿಯಲ್ಲಿ, ಅಣ್ಣನೋ ಭಾವನೋ ಸೋದರಮಾವನೋ ಇನ್ನೂ ದೋಣಿ ನಡೆಸುತ್ತಿರುವ ಮನೆಗಳು ಹಲವಾರು ಇವೆ. ಮುಂಬಯಿಯ ಸಸೂನ್ ಡಾಕ್, ಭಾವುಚಾ ಧಕ್ಕಾಗಳಲ್ಲಿ ಮೀನಿನ ವ್ಯವಹಾರದಲ್ಲಿಯೇ ಇರುವವರೂ ನಮ್ಮಲ್ಲಿ ಇಲ್ಲದಿಲ್ಲ. ಅಂಥವರಿಗೆ ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಒಂದು ಬೇಡಿಕೆ ಇರುವುದುಂಟು: "ಮುಂಬಯಿಯಲ್ಲಿ ಒಳ್ಳೆಯ ಜಿ.ಪಿ.ಎಸ್. ಸಿಗುತ್ತದಂತೆ, ಬರುವಾಗ ಒಂದು ತಂದುಬಿಡು."

ಯಾವುದನ್ನು ತರಬೇಕು? ಅಂಗಡಿಯವನು ಬಣ್ಣದ ಪರದೆಯನ್ನು ತೋರಿಸುತ್ತಾನೆ. ನಾವು ಬೆಲೆಯನ್ನು ಕೇಳುತ್ತೇವೆ. ಇವೆರಡರ ನಡುವೆ ಎಲ್ಲಿಯೋ ವ್ಯಾಪಾರ ಮುಗಿಯುತ್ತದೆ. ಆ ಯಂತ್ರವನ್ನು ನಡೆಸುವವನು ಯಾರು, ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ನಡೆಸುತ್ತಾನೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಈ ಯಂತ್ರದ ಉಪಯುಕ್ತತೆ ನಿಂತಿರುವುದು ಅದೊಂದೇ ಪ್ರಶ್ನೆಯ ಮೇಲೆ. ಹವಾನಿಯಂತ್ರಿತ ಅಂಗಡಿಯಲ್ಲಿ ಸರಾಗವಾಗಿ ಕಾಣುವ ಯಂತ್ರ, ಎರಡು ರಾತ್ರಿ ನಿದ್ದೆಗೆಟ್ಟ ತಾಂಡೇಲನ ಒದ್ದೆಗೈಯಲ್ಲಿ ನಿರುಪಯೋಗಿಯಾಗಬಹುದು. ಆರೋಗ್ಯ ವಿಷಯಗಳಿಗೆ ಮೀಸಲಾದ ಈ ಸಂಚಿಕೆಯಲ್ಲಿ ಇದನ್ನು ಬರೆಯಲು ಕಾರಣವೂ ಅದೇ. ಕಡಲಿನ ಮೇಲೆ ಪ್ರಾಣರಕ್ಷಣೆಯು ಔಷಧಿಯ ಪೆಟ್ಟಿಗೆಯಿಂದಷ್ಟೇ ಆಗುವಂಥದಲ್ಲ.

ಯಂತ್ರ ಮಾಡುವುದೇನು, ಮಾಡದಿರುವುದೇನು

ನಮ್ಮ ಹಿರಿಯರು ದಡದ ಗುರುತುಗಳನ್ನು ಹಿಡಿದು ದೋಣಿ ನಡೆಸುತ್ತಿದ್ದರು. ಕಾಪುವಿನ ದೀಪಸ್ತಂಭ, ದೂರದಲ್ಲಿ ನೀಲಿಯಾಗಿ ಕಾಣುವ ಕುದುರೆಮುಖದ ಶಿಖರ, ಇವೆಲ್ಲ ಕಡಲಿನಿಂದ ಕಾಣುವ ಕೈಕಂಬಗಳು. ಹತ್ತಿರದ ಒಂದು ಗುರುತು, ಅದರ ಹಿಂದೆ ದೂರದ ಒಂದು ಗುರುತು, ಎರಡೂ ಒಂದೇ ನೇರಕ್ಕೆ ಬಂದಾಗ ದೋಣಿ ಇರುವ ಗೆರೆ ತಿಳಿಯುತ್ತದೆ. ಬೇರೊಂದು ದಿಕ್ಕಿನಲ್ಲಿ ಇಂಥದೇ ಮತ್ತೊಂದು ಜೋಡಿ ಸಿಕ್ಕರೆ ದೋಣಿ ಇರುವ ಬಿಂದು ತಿಳಿಯುತ್ತದೆ. ಜಿ.ಪಿ.ಎಸ್. ಎಂಬುದು ಇದೇ ವಿದ್ಯೆಯ ಬೇರೊಂದು ರೂಪ. ಇಲ್ಲಿ ಗುರುತುಗಳು ಬೆಟ್ಟಗಳಲ್ಲ, ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಉಪಗ್ರಹಗಳು. ಪ್ರತಿಯೊಂದು ಉಪಗ್ರಹವೂ ತಾನಿರುವ ಸ್ಥಾನವನ್ನೂ ಆ ಕ್ಷಣದ ವೇಳೆಯನ್ನೂ ಸಾರುತ್ತಿರುತ್ತದೆ. ಆ ಸಂಕೇತ ತಲುಪಲು ಹಿಡಿದ ಸಮಯದಿಂದ ಯಂತ್ರವು ದೂರವನ್ನು ಲೆಕ್ಕ ಹಾಕುತ್ತದೆ. ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ತಪ್ಪಾದರೂ ದೂರದಲ್ಲಿ 300 ಮೀಟರು ವ್ಯತ್ಯಾಸವಾಗುತ್ತದೆ. ಯಂತ್ರದೊಳಗಿನ ಅಗ್ಗದ ಗಡಿಯಾರ ಅಷ್ಟು ನಿಖರವಾಗಿರಲಾರದು. ಆದುದರಿಂದಲೇ ಮೂರು ಉಪಗ್ರಹಗಳು ಸಾಲದೆ, ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದೊಂದು ಬೇಕಾಗುತ್ತದೆ.

ಈ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಅಮೆರಿಕ ಹಾರಿಸಿದ್ದು 1978ರಲ್ಲಿ. ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುವ ಕ್ರಮವನ್ನು 2000ದ ಮೇ ತಿಂಗಳಲ್ಲಿ ಕೈಬಿಡಲಾಯಿತು. ಅದಕ್ಕೆ ಮೊದಲು ಸುಮಾರು 100 ಮೀಟರು ಇದ್ದ ತಪ್ಪು ಆ ಬಳಿಕ ಹತ್ತು ಮೀಟರು ಅಥವಾ ಅದಕ್ಕೂ ಕಡಿಮೆಗೆ ಇಳಿಯಿತು. ವರ್ಸೋವಾ, ಅರ್ನಾಳಾ, ಸಾತಪಾಟಿಯ ಕೋಳಿ ಬಾಂಧವರು ಕಡಲ ತಳದಲ್ಲಿ ಗೂಟ ಊರಿ ಡೋಲ್ ಬಲೆ ಕಟ್ಟಿ ಬೊಂಬಿಲ್ ಹಿಡಿಯುತ್ತಾರಷ್ಟೆ. ಚಳಿಗಾಲದ ಮುಸುಕಿನಲ್ಲಿ ತಮ್ಮದೇ ಗೂಟವನ್ನು ಹುಡುಕುತ್ತ ಡೀಸೆಲ್ ಸುಡುವ ಕಷ್ಟ ಇದರಿಂದ ಎಷ್ಟು ತಗ್ಗಿತೆಂಬುದನ್ನು ಅವರೇ ಹೇಳಬೇಕು. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅನೇಕ ಹೊಸ ಯಂತ್ರಗಳು ಒಂದಕ್ಕಿಂತ ಹೆಚ್ಚು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಬಳಸಬಲ್ಲವು. ಇದು ಒಳ್ಳೆಯದೇ, ಆದರೆ ತೆರೆದ ಕಡಲಿನಲ್ಲಿ, ಸುತ್ತಲೂ ಕಟ್ಟಡಗಳಿಲ್ಲದ ಕಡೆ, ಇದಕ್ಕಾಗಿಯೇ ದುಬಾರಿ ಬೆಲೆ ಕೊಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಯಂತ್ರ ಮಾಡದ ಎರಡು ಕೆಲಸಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಮೊದಲನೆಯದಾಗಿ, ಸಾಮಾನ್ಯ ಜಿ.ಪಿ.ಎಸ್. ಯಂತ್ರ ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ತಾನಾಗಿ ಯಾರಿಗೂ ಏನನ್ನೂ ಕಳುಹಿಸುವುದಿಲ್ಲ. "ಜಿ.ಪಿ.ಎಸ್. ಇದೆಯಲ್ಲ, ಎಲ್ಲಿದ್ದಾನೆಂದು ಅವರಿಗೆ ಗೊತ್ತಾಗುತ್ತದೆ" ಎಂದು ಮನೆಯವರು ನಿಶ್ಚಿಂತರಾಗಿರುವುದು ನಿರಾಧಾರವಾದ ನಂಬಿಕೆ. ಎರಡನೆಯದಾಗಿ, ದೋಣಿ ಚಲಿಸುತ್ತಿದ್ದರೆ ಮಾತ್ರ ಅದು ದಿಕ್ಕನ್ನು ಹೇಳಬಲ್ಲದು. ನಿಂತ ದೋಣಿಯಲ್ಲಿ ಪರದೆಯ ಮೇಲಿನ ಬಾಣ ಅತ್ತಿತ್ತ ತಿರುಗಾಡಿದರೆ ಅದಕ್ಕೆ ಅರ್ಥವಿಲ್ಲ. ಪ್ರತ್ಯೇಕ ವಿದ್ಯುನ್ಮಾನ ದಿಕ್ಸೂಚಿಯನ್ನು ಜೋಡಿಸಿದ ಯಂತ್ರಗಳ ಮಾತು ಬೇರೆ. ಆದುದರಿಂದ ಹಳೆಯ ಕಾಂತದ ದಿಕ್ಸೂಚಿಯನ್ನು ಕಿತ್ತು ಆ ಜಾಗದಲ್ಲಿ ಜಿ.ಪಿ.ಎಸ್. ಕೂರಿಸುವ ಕ್ರಮ ಸರಿಯಲ್ಲ. ಎರಡೂ ಇರಲಿ; ಒಂದಕ್ಕೊಂದು ಅಂಟಿಕೊಂಡಿರುವುದು ಬೇಡ. ಯಂತ್ರದ ಕಾಂತಪ್ರಭಾವದಿಂದ ದಿಕ್ಸೂಚಿಯ ಮುಳ್ಳು ಜರಗದಿರಲು ಎಷ್ಟು ಅಂತರವಿರಬೇಕೆಂಬುದನ್ನು ಕೈಪಿಡಿಯಲ್ಲಿ ನಮೂದಿಸಿರುತ್ತಾರೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಯಂತ್ರವನ್ನು ಕೊಳ್ಳುವವನು ಮಾಲಿಕನಾಗಲಿ, ಮುಂಬಯಿಯ ತಮ್ಮನಾಗಲಿ, ಪರೀಕ್ಷಿಸಬೇಕಾದವನು ಮಾತ್ರ ದೋಣಿಯ ತಾಂಡೇಲ. ಅವನು ಊರಿನಲ್ಲಿದ್ದರೆ ಅವನ ವಯಸ್ಸಿನ, ಅವನಷ್ಟೇ ಓದಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯವನು ಒಮ್ಮೆ, ಬೇಕಾದರೆ ಎರಡನೆಯ ಸಲ, ತೋರಿಸಲಿ. ಬಳಿಕ ಯಂತ್ರವನ್ನು ಆರಿಸಿ ಈತನ ಕೈಗೆ ಕೊಟ್ಟು, ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ, ಕೈಯನ್ನು ನೀರಿನಲ್ಲಿ ಅದ್ದಿಸಿ, ಒಂದೇ ಕೈಯಿಂದ ನಾಲ್ಕು ಕೆಲಸಗಳನ್ನು ಮಾಡುವಂತೆ ಕೇಳಬೇಕು. ಯಂತ್ರವನ್ನು ಹೊತ್ತಿಸುವುದು, ಈಗಿರುವ ಸ್ಥಳವನ್ನು ಗುರುತು ಹಾಕುವುದು, ಹಿಂದೆ ಹಾಕಿದ ಒಂದು ಗುರುತಿಗೆ ದಾರಿ ತೋರಿಸೆಂದು ಯಂತ್ರಕ್ಕೆ ಹೇಳುವುದು, ಅಕ್ಷಾಂಶ ರೇಖಾಂಶಗಳನ್ನು ಗಟ್ಟಿಯಾಗಿ ಓದುವುದು. ಇನ್ನೊಬ್ಬರ ನೆರವಿಲ್ಲದೆ ಈ ನಾಲ್ಕೂ ಆದರೆ ಆ ಯಂತ್ರವನ್ನು ಪರಿಗಣಿಸಬಹುದು. ಆಗದಿದ್ದರೆ ಅದರಲ್ಲಿ ಇನ್ನೆಷ್ಟು ಗುಣಗಳಿದ್ದರೂ ಅದು ಆ ದೋಣಿಗೆ ಹೇಳಿಸಿದ್ದಲ್ಲ.

ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಗುಂಡಿಗಳಿರುವ ಯಂತ್ರ. ಬೆರಳಿನಿಂದ ಪರದೆಯನ್ನೇ ಮುಟ್ಟಿ ನಡೆಸುವ ಯಂತ್ರಗಳು ನೋಡಲು ಸೊಗಸು. ಆದರೆ ಪರದೆಯ ಮೇಲೆ ನೀರಿನ ಹನಿ ಬಿದ್ದರೆ ಅದನ್ನೂ ಬೆರಳೆಂದು ತಿಳಿಯುವುದುಂಟು, ಕೈಗವಸು ತೊಟ್ಟ ಬೆರಳನ್ನು ಲೆಕ್ಕಿಸದಿರುವುದೂ ಉಂಟು. ಉಪ್ಪುನೀರಿನಲ್ಲಿ ಬಲೆ ಎಳೆದು ಒಡೆದ ಬೆರಳುಗಳಿಗೆ ಎದ್ದು ನಿಂತ, ದೊಡ್ಡದಾದ, ಒತ್ತಿದರೆ ಒತ್ತಿತೆಂದು ತಿಳಿಯುವ ಗುಂಡಿಯೇ ಲೇಸು. ಗುಂಡಿಗಳಲ್ಲಿ ಒಂದು ಮಾತ್ರ ತಪ್ಪದೆ ಇರಬೇಕು. ಆಳು ನೀರಿಗೆ ಬಿದ್ದಾಗ ಒತ್ತುವ ಗುಂಡಿ ಅದು. ಯಂತ್ರಗಳ ಮೇಲೆ ಎಂ.ಒ.ಬಿ. ಎಂಬ ಮೂರು ಅಕ್ಷರಗಳಿಂದ ಗುರುತಿಸಿರುತ್ತಾರೆ. ಅದನ್ನು ಒತ್ತಿದೊಡನೆ ಆ ಬಿಂದು ದಾಖಲಾಗಿ ಅಲ್ಲಿಗೆ ಮರಳುವ ದಾರಿ ಪರದೆಯ ಮೇಲೆ ಮೂಡುತ್ತದೆ. ಕೆಲವು ಯಂತ್ರಗಳಲ್ಲಿ ಇದು ಪಟ್ಟಿಯೊಳಗಿನ ಪಟ್ಟಿಯಲ್ಲಿ ಅಡಗಿರುತ್ತದೆ. ಅಂಥದನ್ನು ಅಲ್ಲಿಯೇ ಬಿಟ್ಟುಬನ್ನಿ. ಗಂಟೆಗೆ 6 ನಾಟಿಕಲ್ ಮೈಲು ವೇಗದಲ್ಲಿ ಸಾಗುವ ದೋಣಿ ಒಂದು ನಿಮಿಷದಲ್ಲಿ 185 ಮೀಟರು ಮುಂದೆ ಹೋಗಿರುತ್ತದೆ, ರಾತ್ರಿಯಲ್ಲಿ ಅಷ್ಟು ದೂರದಿಂದ ಒಂದು ತಲೆಯನ್ನು ಕಾಣಲಾಗದು. ಬಿದ್ದವನು ನೀರಿನ ಸೆಳೆತದೊಡನೆ ತೇಲಿಹೋಗುತ್ತಿರುತ್ತಾನೆ, ಪರದೆಯ ಮೇಲಿನ ಗುರುತು ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ ಎಂಬುದನ್ನೂ ದೋಣಿಯ ಎಲ್ಲರೂ ತಿಳಿದಿರಬೇಕು. ಗುರುತಿನಿಂದ ಹುಡುಕಾಟ ಆರಂಭಿಸಿ ಸೆಳೆತದ ದಿಕ್ಕಿನಲ್ಲಿ ಮುಂದುವರಿಯತಕ್ಕದ್ದು.

ಕಣ್ಣು ಮತ್ತು ನಿದ್ದೆ

ನಲವತ್ತು ದಾಟಿದವರಿಗೆ ಚಾಳೀಸು ಬರುವುದು ಸಹಜ. ಪೇಟೆಯಲ್ಲಿ ಕನ್ನಡಕ ಹಾಕಿ ಪತ್ರಿಕೆ ಓದುವ ತಾಂಡೇಲ ಕಡಲಿನಲ್ಲಿ ಅದನ್ನು ಹಾಕುವುದು ಕಡಿಮೆ. ಉಪ್ಪುನೀರಿನ ತುಂತುರು ಕುಳಿತು ಗಾಜು ಮಂಜಾಗುತ್ತದೆ. ಆದುದರಿಂದ ಚುಕ್ಕಾಣಿಯಿಂದ ಪರದೆ ಎಷ್ಟು ದೂರವಿರುವುದೋ ಅಷ್ಟೇ ದೂರದಲ್ಲಿ ಹಿಡಿದು, ಕನ್ನಡಕವಿಲ್ಲದೆ ಅಂಕೆಗಳು ಕಾಣುತ್ತವೆಯೇ ಎಂದು ನೋಡಬೇಕು. ಪರದೆ ದೊಡ್ಡದಾಗಿದ್ದ ಮಾತ್ರಕ್ಕೆ ಅಂಕೆಗಳು ದೊಡ್ಡವಾಗಿರಬೇಕೆಂದಿಲ್ಲ. ಹತ್ತು ಬಗೆಯ ವಿವರಗಳನ್ನು ಕಿಕ್ಕಿರಿಸಿ ತೋರಿಸುವ ದೊಡ್ಡ ಪರದೆಗಿಂತ, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು ಈ ನಾಲ್ಕನ್ನು ಮಾತ್ರ ದಪ್ಪ ಅಂಕೆಗಳಲ್ಲಿ ತೋರಿಸುವ ಸಣ್ಣ ಕಪ್ಪುಬಿಳುಪು ಪರದೆ ಎಷ್ಟೋ ಮೇಲು. ಬಣ್ಣದ ಮೋಹವನ್ನು ನಾವು ಟೆಲಿವಿಷನ್ನಿಗೆ ಮೀಸಲಿಡಬಹುದು.

ಜೀವಮಾನವೆಲ್ಲ ಬಿಸಿಲಿನಲ್ಲಿ, ನೀರಿನ ಹೊಳಪಿನಲ್ಲಿ ದುಡಿದವರಲ್ಲಿ ಕಣ್ಣಿನ ಬಿಳಿಯ ಭಾಗದಿಂದ ಕಪ್ಪುಗುಡ್ಡೆಯ ಮೇಲೆ ಮಾಂಸದ ಪೊರೆ ಬೆಳೆಯುವುದನ್ನು ಕಾಣುತ್ತೇವೆ. ಕಣ್ಣಿನ ಮಸೂರ ಮಂಜಾಗುವ ಕಣ್ಣುಪೊರೆಯೂ ಇಂಥವರಿಗೆ ಬೇಗನೆ ಬರಬಹುದು. ಕಣ್ಣುಪೊರೆ ಆರಂಭವಾದವರಿಗೆ ಹೊಳೆಯುವ ಪರದೆಯ ಬೆಳಕು ಚೆದುರಿದಂತೆ ಕಂಡು ಅಂಕೆಗಳು ಕಲೆಸಿಹೋಗುತ್ತವೆ. "ಯಂತ್ರ ಸರಿಯಿಲ್ಲ" ಎಂದು ದೂರುವ ತಾಂಡೇಲನನ್ನು ಮೆಕ್ಯಾನಿಕನಲ್ಲಿಗಲ್ಲ, ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕಾದ ಸಂದರ್ಭಗಳೂ ಇರುತ್ತವೆ. ಬಿಸಿಲಿಗಾಗಿ ಕಪ್ಪು ಕನ್ನಡಕ ಧರಿಸುವುದು ಹಿತಕರವೇ. ಆದರೆ ನೀರಿನ ಹೊಳಪನ್ನು ಕಡಿಯುವ ಪೋಲರಾಯ್ಡ್ ಗಾಜಿನ ಮೂಲಕ ನೋಡಿದಾಗ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ. ಕೊಳ್ಳುವ ಮೊದಲು ಆ ಕನ್ನಡಕವನ್ನು ಹಾಕಿಯೇ ನೋಡುವುದು ಒಳ್ಳೆಯದು.

ರಾತ್ರಿಯ ಮಾತು ಬೇರೆ. ಕತ್ತಲೆಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಪ್ರಖರವಾದ ಪರದೆಯತ್ತ ಒಮ್ಮೆ ದೃಷ್ಟಿಸಿದರೆ ಅಷ್ಟೂ ವ್ಯರ್ಥವಾಗಿ, ಎದುರಿಗೆ ದೀಪವಿಲ್ಲದೆ ತೇಲುತ್ತಿರುವ ಸಣ್ಣ ದೋಣಿ ಕಾಣದಂತಾಗುತ್ತದೆ. ಬೆಳಕನ್ನು ಬಹಳ ಕೆಳಕ್ಕೆ ಇಳಿಸಬಲ್ಲ ಯಂತ್ರ ಬೇಕು, ಮತ್ತು ಹಾಗೆ ಇಳಿಸುವುದು ಒಂದೆರಡು ಸಲ ಗುಂಡಿ ಒತ್ತುವಷ್ಟರಲ್ಲಿ ಆಗಬೇಕು. ಇನ್ನೊಂದು ಎಚ್ಚರಿಕೆ: ಕಡಲಿನ ಹೊಟ್ಟೆತೊಳಸಿಗೆಂದು ಹೊಸ ಆಳುಗಳು ನುಂಗುವ ಅವೊಮಿನ್‌ನಂಥ ಮಾತ್ರೆಗಳು ತೂಕಡಿಕೆಯನ್ನು ತರುತ್ತವೆ, ಕೆಲವರಿಗೆ ದೃಷ್ಟಿಯೂ ಮಸುಕಾಗುತ್ತದೆ. ಅಂಥವನನ್ನು ಆ ಹೊತ್ತಿನಲ್ಲಿ ಯಂತ್ರದ ಮುಂದೆ ಕೂರಿಸಬಾರದು.

ಭಾಷೆಯ ತೊಡಕನ್ನೂ ಮರೆಯುವಂತಿಲ್ಲ. ಮಾರಾಟಕ್ಕಿರುವ ಯಂತ್ರಗಳಲ್ಲಿ ಬಹುತೇಕ ಎಲ್ಲವೂ ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಒಂದೇ ದೋಣಿಯಲ್ಲಿ ತುಳು, ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಆಡುವ ಕಲಾಸಿಗಳಿರುತ್ತಾರೆ. ಕೈಪಿಡಿಯ ನೂರು ಪುಟಗಳನ್ನು ಯಾರೂ ಓದುವುದಿಲ್ಲ. ಮುಂಬಯಿಯ ವಿದ್ಯಾವಂತ ತಮ್ಮನು ಮಾಡಬಹುದಾದ ನಿಜವಾದ ಉಪಕಾರವೆಂದರೆ, ಮೇಲೆ ಹೇಳಿದ ನಾಲ್ಕು ಕೆಲಸಗಳಿಗೆ ಯಾವ ಗುಂಡಿ, ಯಾವ ಕ್ರಮ ಎಂಬುದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಯಂತ್ರದೊಡನೆ ಕೊಡುವುದು. ಬಹಳಷ್ಟು ಯಂತ್ರಗಳಲ್ಲಿ ಉಪಗ್ರಹವಿಲ್ಲದೆಯೂ ಅಭ್ಯಾಸ ಮಾಡುವ ಏರ್ಪಾಡು ಇರುತ್ತದೆ. ಮನೆಯ ಜಗಲಿಯಲ್ಲಿ ಕುಳಿತು ಅದರಲ್ಲಿ ಕಲಿಯಬಹುದು. ಕಡಲಿಗೆ ಹೊರಡುವ ಮೊದಲು ಆ ಏರ್ಪಾಡನ್ನು ತಪ್ಪದೆ ಆರಿಸಿರಬೇಕು. ಇಲ್ಲವಾದರೆ ಪರದೆಯ ಮೇಲೆ ಓಡುವುದು ಕಲ್ಪನೆಯ ದೋಣಿ.

ಅಂಕೆಗಳ ತೊಡಕು

ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಈ ಭಾಗವನ್ನು ನೆನಪಿಡಿರೆಂದು ಕೋರುತ್ತೇನೆ. ಅಕ್ಷಾಂಶ ರೇಖಾಂಶಗಳನ್ನು ಬರೆಯುವ ಕ್ರಮ ಒಂದಲ್ಲ, ಮೂರು. ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಬರೆಯುವುದು ಹಳೆಯ ಕ್ರಮ. ಡಿಗ್ರಿಯನ್ನೂ, ದಶಾಂಶ ಸಹಿತವಾದ ಮಿನಿಟನ್ನೂ ಬರೆಯುವುದು ಕಡಲಿನ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಕ್ರಮ. ಡಿಗ್ರಿಯನ್ನೇ ದಶಾಂಶದಲ್ಲಿ ಬರೆಯುವುದು ಮೊಬೈಲ್ ದೂರವಾಣಿಯ ನಕಾಶೆಗಳ ಕ್ರಮ. ಒಂದು ಕ್ರಮದಲ್ಲಿ ಬಂದ ಅಂಕೆಯನ್ನು ಇನ್ನೊಂದು ಕ್ರಮಕ್ಕೆ ಹೊಂದಿಸಿದ ಯಂತ್ರದಲ್ಲಿ ತುಂಬಿದರೆ ಯಂತ್ರ ಆಕ್ಷೇಪಿಸುವುದಿಲ್ಲ; ತಪ್ಪು ಜಾಗಕ್ಕೆ ನಿಷ್ಠೆಯಿಂದ ಕರೆದೊಯ್ಯುತ್ತದೆ.

ಒಂದು ಉದಾಹರಣೆ ನೋಡೋಣ. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರಕಾರದ ಸಂಸ್ಥೆಯು ಉಪಗ್ರಹಗಳಿಂದ ಕಡಲ ಮೇಲ್ಮೈಯ ಉಷ್ಣತೆಯನ್ನೂ ಬಣ್ಣವನ್ನೂ ಅಳೆದು, ಮೀನು ಸಿಗುವ ಸಂಭವವಿರುವ ಪ್ರದೇಶಗಳ ಸೂಚನೆಯನ್ನು ಮೀನುಗಾರರಿಗೆ ನೀಡುತ್ತದೆ. ಇಳಿದಾಣದಿಂದ ದಿಕ್ಕು, ದೂರ, ಆಳಗಳ ಜೊತೆಗೆ ಅಕ್ಷಾಂಶ ರೇಖಾಂಶವೂ ಅದರಲ್ಲಿರುತ್ತದೆ. ಯಾವುದೋ ಒಂದು ಜಾಗದ ಅಕ್ಷಾಂಶ 19 ಡಿಗ್ರಿ 08 ಮಿನಿಟು 45 ಸೆಕೆಂಡು ಎಂದಿರಲಿ. 45 ಸೆಕೆಂಡು ಎಂದರೆ ಮುಕ್ಕಾಲು ಮಿನಿಟು. ಆದುದರಿಂದ ದಶಾಂಶ ಮಿನಿಟಿನ ಯಂತ್ರದಲ್ಲಿ ತುಂಬಬೇಕಾದುದು 08.750. ಇದನ್ನರಿಯದೆ 08.450 ಎಂದು ತುಂಬಿದರೆ 0.3 ಮಿನಿಟು ತಪ್ಪುತ್ತದೆ. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿಗೆ, ಎಂದರೆ 1,852 ಮೀಟರಿಗೆ, ಸಮ. ಹಾಗಾಗಿ ತಪ್ಪು ಸುಮಾರು 556 ಮೀಟರು. ಅದೇ ಅಂಕೆಗಳನ್ನು ಒಟ್ಟಿಗೆ ಸೇರಿಸಿ 19.0845 ಡಿಗ್ರಿ ಎಂದು ತುಂಬಿದರೆ ತಪ್ಪು 6.8 ಕಿಲೋಮೀಟರಿಗೆ ಏರುತ್ತದೆ.

ಮೀನು ತಪ್ಪಿದರೆ ಒಂದು ದಿನದ ಡೀಸೆಲ್ ನಷ್ಟ, ಅಷ್ಟೆ. ಆದರೆ ಮುಂಬಯಿಯಿಂದ ಸುಮಾರು 160 ಕಿಲೋಮೀಟರು ಪಶ್ಚಿಮಕ್ಕೆ, 1974ರಲ್ಲಿ ತೈಲ ಪತ್ತೆಯಾದ ಬಾಂಬೆ ಹೈ ಪ್ರದೇಶದಲ್ಲಿ ತೈಲದ ಕಟ್ಟೆಗಳು ನಿಂತಿವೆ. ಅವುಗಳ ಸುತ್ತ 500 ಮೀಟರು ಪ್ರದೇಶ ಮೀನುಗಾರರಿಗೆ ನಿಷಿದ್ಧ. 556 ಮೀಟರಿನ ತಪ್ಪು ಅಲ್ಲಿ ಯಾವ ಕಡೆಗೆ ಬಿದ್ದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಅಂತೆಯೇ ಕರ್ನಾಟಕದ ಬೋಟುಗಳು ಮಹಾರಾಷ್ಟ್ರದ 12 ನಾಟಿಕಲ್ ಮೈಲಿನೊಳಗೆ ಬಂದವೆಂದು ಹಿಡಿದು ದಂಡ ಹಾಕುವ ಪ್ರಕರಣಗಳಲ್ಲಿಯೂ, ಉತ್ತರದಲ್ಲಿ ಗುಜರಾತಿನಾಚೆ ಪಾಕಿಸ್ತಾನದ ಗಡಿಯ ಬಳಿ ಮೀನುಗಾರರು ಬಂಧಿತರಾಗುವ ಪ್ರಕರಣಗಳಲ್ಲಿಯೂ ಅಂಕೆಗಳೇ ಮುಖ್ಯ. ಆದುದರಿಂದ ಕೊಳ್ಳುವಾಗಲೇ ಯಂತ್ರವನ್ನು ಒಂದು ಕ್ರಮಕ್ಕೆ ಹೊಂದಿಸಿಡಬೇಕು. ಡಿಗ್ರಿ ಮತ್ತು ದಶಾಂಶ ಮಿನಿಟಿನ ಕ್ರಮ ನನ್ನ ಆಯ್ಕೆ. ನೆರೆಯ ದೋಣಿಗಳೂ ಅದೇ ಕ್ರಮವನ್ನು ಇಟ್ಟುಕೊಳ್ಳುವಂತೆ ಮಾತಾಡಿಕೊಳ್ಳಬೇಕು. ಸೆಕೆಂಡುಗಳನ್ನು 60ರಿಂದ ಭಾಗಿಸಿದರೆ ದಶಾಂಶ ದೊರೆಯುತ್ತದೆ. ಈ ಲೆಕ್ಕವನ್ನು ಶಾಲೆಗೆ ಹೋಗುವ ಮಕ್ಕಳಿಂದಲೂ ಮಾಡಿಸಬಹುದು.

ನೇರ ಗೆರೆಯ ಅಪಾಯ

ಗುರುತಿಗೆ ದಾರಿ ತೋರಿಸೆಂದರೆ ಸರಳ ಯಂತ್ರ ತೋರಿಸುವುದು ನೇರವಾದ ಒಂದು ಗೆರೆಯನ್ನು. ನಡುವೆ ಬಂಡೆ ಇದೆಯೇ, ನೆಲವೇ ಇದೆಯೇ ಎಂಬುದು ಅದಕ್ಕೆ ತಿಳಿಯದು. ಸಸೂನ್ ಡಾಕ್ ಕೊಲಾಬಾದ ಪೂರ್ವದಂಡೆಯಲ್ಲಿದೆ. ಪಶ್ಚಿಮದ ಕಡಲಿನಿಂದ ಮರಳುವ ದೋಣಿ "ಸಸೂನ್ ಡಾಕ್" ಎಂಬ ಒಂದೇ ಗುರುತನ್ನು ಹಿಡಿದು ಬಂದರೆ ಗೆರೆ ಕೊಲಾಬಾದ ನೆಲದ ಮೇಲೆಯೋ, ಅದರ ದಕ್ಷಿಣಕ್ಕೆ ನೀರಿನಡಿ ಚಾಚಿರುವ ಪ್ರಾಂಗ್ಸ್ ಬಂಡೆಸಾಲಿನ ಮೇಲೆಯೋ ಹಾದುಹೋಗುತ್ತದೆ. ಆ ಬಂಡೆಸಾಲಿನ ಭಯದಿಂದಲೇ 1875ರಲ್ಲಿ ಅಲ್ಲಿ ದೀಪಸ್ತಂಭ ಕಟ್ಟಿದ್ದು. ದೀಪಸ್ತಂಭದಿಂದ ಸಾಕಷ್ಟು ದಕ್ಷಿಣಕ್ಕೆ ಒಂದು ಗುರುತು, ಬಂದರಿನ ಒಳದಾರಿಯಲ್ಲಿ ಇನ್ನೊಂದು, ಕೊನೆಗೆ ಡಾಕಿನ ಬಾಯಿ, ಹೀಗೆ ಗುರುತುಗಳನ್ನು ಪೋಣಿಸಿ ದಾರಿಯನ್ನು ರಚಿಸಬೇಕು. ಹಗಲಿನಲ್ಲಿ, ಒಳ್ಳೆಯ ನೀರಿನಲ್ಲಿ, ದಾರಿ ಬಲ್ಲ ತಾಂಡೇಲ ತಾನೇ ದೋಣಿ ನಡೆಸುತ್ತ ಆ ಬಿಂದುಗಳನ್ನು ಗುರುತು ಹಾಕಿಕೊಳ್ಳುವುದು ಉತ್ತಮ. ಬೇರೆಯವರಿಂದ ಅಂಕೆ ಬರೆದುಕೊಳ್ಳುವುದು ಅಷ್ಟು ಒಳ್ಳೆಯದಲ್ಲ. ಬಂದ ದಾರಿಯಲ್ಲಿಯೇ ಮರಳಿಸುವ ಸೌಲಭ್ಯವಿರುವ ಯಂತ್ರವಾದರೆ ಹೋಗುವಾಗ ಬಿದ್ದ ಗೆರೆಯನ್ನೇ ಹಿಡಿದು ಬರಬಹುದು. ಆದರೆ ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ನಾಲ್ಕೈದು ಮೀಟರು ಏರಿಳಿಯುತ್ತದೆ. ಉಬ್ಬರದಲ್ಲಿ ದಾಟಿಹೋದ ಅಳಿವೆಯ ಬಾಯಿ ಇಳಿತದಲ್ಲಿ ದೋಣಿಯನ್ನು ಒಳಗೆ ಬಿಡಲಾರದು. ಯಂತ್ರದ ಗೆರೆ ಎರಡೂ ಹೊತ್ತಿನಲ್ಲಿ ಒಂದೇ.

ನಕಾಶೆ ತುಂಬಿದ ಯಂತ್ರವಾದರೆ ಈ ಅಪಾಯ ತಪ್ಪುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ತಪ್ಪುತ್ತದೆ. ಆದರೆ ಯಂತ್ರದೊಡನೆ ಬರುವ ಸಾಮಾನ್ಯ ನಕಾಶೆಗಳಲ್ಲಿ ದಡದ ಗೆರೆಯೇ ಒರಟಾಗಿರುತ್ತದೆ, ಹೂಳು ತುಂಬಿದ ಅಳಿವೆಗಳ ಈಗಿನ ಸ್ಥಿತಿ ಅದರಲ್ಲಿ ಇರುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಸಣ್ಣ ದೋಣಿಗೆ ತಾನೇ ಹಾಕಿಕೊಂಡ ಗುರುತುಗಳಿರುವ ಸರಳ ಯಂತ್ರ ಸಾಕೆಂಬುದು ನನ್ನ ಅಭಿಪ್ರಾಯ. ಮೀನು ಮತ್ತು ಆಳವನ್ನೂ ಒಟ್ಟಿಗೆ ತೋರಿಸುವ ಜೋಡಿ ಯಂತ್ರಗಳು ಬಹುದಿನ ಕಡಲಿನಲ್ಲಿರುವ ಬೋಟುಗಳಿಗೆ ಸರಿ. ಅವುಗಳಲ್ಲಿ ಆಳವನ್ನು ಮೀಟರಿನಲ್ಲಿ ತೋರಿಸುತ್ತಿದೆಯೋ, ಅಡಿಯಲ್ಲೋ, ನಮ್ಮವರು ಎಣಿಸುವ ಮಾರಿನಲ್ಲೋ ಎಂಬುದನ್ನು ನೋಡಿಕೊಂಡಿರಬೇಕು.

ಕೈಯಂತ್ರವೋ, ಜೋಡಿಸಿದ ಯಂತ್ರವೋ

ಹೊರಗಟ್ಟಿದ ಸಣ್ಣ ಎಂಜಿನ್ನಿನ ನಾಡದೋಣಿಯಲ್ಲಿ ಹೆಚ್ಚಾಗಿ ಬ್ಯಾಟರಿಯೇ ಇರುವುದಿಲ್ಲ. ಅಲ್ಲಿಗೆ ಸೆಲ್ ಹಾಕುವ ಕೈಯಂತ್ರವೇ ತಕ್ಕುದು. ಗಾರ್ಮಿನ್ 72 ಎಚ್., ಗಾರ್ಮಿನ್ 78ರಂಥ ಕೈಯಂತ್ರಗಳು ನೀರಿಗೆ ಬಿದ್ದರೆ ಮುಳುಗದೆ ತೇಲುವಂತೆ ರಚಿತವಾದವು. ಇಂಥ ಗುಣ ಎಲ್ಲ ಕೈಯಂತ್ರಗಳಿಗೂ ಇರುವುದಿಲ್ಲವಾದುದರಿಂದ ಕೇಳಿ ತಿಳಿಯಬೇಕು. ಐ.ಪಿ.ಎಕ್ಸ್. 7 ಎಂಬ ಗುರುತಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಕೆಡದೆಂದು ಅರ್ಥ. ಆ ಪರೀಕ್ಷೆ ಸಿಹಿನೀರಿನದೆಂಬುದನ್ನು ಮರೆಯಬಾರದು. ಯಂತ್ರಕ್ಕೆ ದಾರ ಕಟ್ಟಿ ದೋಣಿಗೆ ಬಿಗಿಯುವುದು ಎಲ್ಲಕ್ಕಿಂತ ಅಗ್ಗದ ವಿಮೆ. ಬದಲಿ ಸೆಲ್ಲುಗಳು ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ ಮೋಟಾರು ಕಾರಿನ ಜಿ.ಪಿ.ಎಸ್. ಅಗ್ಗವೆಂದು ಕೊಳ್ಳಬೇಡಿ. ಅದು ರಸ್ತೆಯನ್ನು ಹುಡುಕುವ ಯಂತ್ರ, ಕಡಲಿನಲ್ಲಿ ರಸ್ತೆಗಳಿಲ್ಲ. ಮೊಬೈಲ್ ದೂರವಾಣಿಯಲ್ಲಿಯೂ ಜಿ.ಪಿ.ಎಸ್. ಇದೆ; ಕರೆಯ ಸಂಪರ್ಕ ದಡದಿಂದ ಹತ್ತು ಹನ್ನೆರಡು ಕಿಲೋಮೀಟರಿನಾಚೆ ಸಿಗುವುದು ಕಷ್ಟವಾದರೂ ಅದರ ಸ್ಥಾನಸೂಚನೆ ಕೆಲಸ ಮಾಡುತ್ತಿರುತ್ತದೆ. ತುರ್ತಿನ ಎರಡನೆಯ ಸಾಧನವಾಗಿ ಅದು ಇರಲಿ, ಮೊದಲನೆಯದಾಗಿ ಬೇಡ.

ಕೋಣೆಯಿರುವ ಬೋಟಿಗೆ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಫುರುನೋ, ಗಾರ್ಮಿನ್ ಮೊದಲಾದವರ ಜೋಡಿಸುವ ಯಂತ್ರ ಅನುಕೂಲ. ಎಂಜಿನ್ ಹೊತ್ತಿಸುವ ಬ್ಯಾಟರಿಗೇ ಇದನ್ನು ಸೇರಿಸಿದರೆ, ಸ್ಟಾರ್ಟ್ ಮಾಡಿದಾಗ ವೋಲ್ಟೇಜು ಕುಸಿದು ಯಂತ್ರ ಆರಿ ಮತ್ತೆ ಮೊದಲಿನಿಂದ ಹೊತ್ತಿಕೊಳ್ಳುವುದುಂಟು. ಬೇರೆ ಬ್ಯಾಟರಿ ಇದ್ದರೆ ಒಳ್ಳೆಯದು, ಫ್ಯೂಸ್ ಅಂತೂ ಇರಲೇಬೇಕು. ತಗಡಿನ ಮಾಡಿನಡಿ ಸಂಕೇತ ಸಿಗದಾದುದರಿಂದ ಆಂಟೆನಾವನ್ನು ಆಕಾಶ ಕಾಣುವಂತೆ ಹೊರಗೆ ನಿಲ್ಲಿಸಬೇಕು. ಹಳೆಯ ಯಂತ್ರ ಕೊಳ್ಳುವವರು ಅದು ತೋರಿಸುವ ತಾರೀಖನ್ನು ನೋಡಬೇಕು. ಜಿ.ಪಿ.ಎಸ್. ವ್ಯವಸ್ಥೆ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. 2019ರ ಏಪ್ರಿಲ್ 6ರಂದು ಹೀಗಾದಾಗಿನಿಂದ ಕೆಲವು ಹಳೆಯ ಯಂತ್ರಗಳು ತಪ್ಪು ತಾರೀಖನ್ನು ತೋರಿಸುತ್ತವೆ. ಬಿಲ್ಲಿಲ್ಲದ ಯಂತ್ರ ಯಾವ ಬೆಲೆಗೂ ಬೇಡ. 2008ರ ನವೆಂಬರ್ ದಾಳಿಯ ಉಗ್ರರು ಕುಬೇರ್ ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ, ಜಿ.ಪಿ.ಎಸ್. ನೆರವಿನಿಂದ ಈ ನಗರದ ದಡಕ್ಕೆ ಬಂದ ಮೇಲೆ ಕಡಲಿನಲ್ಲಿ ತಪಾಸಣೆ ಬಿಗಿಯಾಗಿದೆ. ಬಿಲ್ಲು, ನೋಂದಣಿ ಪತ್ರ, ಗುರುತಿನ ಚೀಟಿಗಳ ನಕಲು ದೋಣಿಯಲ್ಲಿರಬೇಕು.

ದಡಕ್ಕೆ ಸುದ್ದಿ

2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಡನೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಎರಡು ದಿನಗಳ ಬಳಿಕ ಸಂಪರ್ಕ ಕಡಿದುಕೊಂಡಿತು. ಅದರ ಅವಶೇಷ ಮಾಲವಣದ ಕಡಲಿನಲ್ಲಿ, ದಡದಿಂದ ಸುಮಾರು 33 ಕಿಲೋಮೀಟರು ದೂರದಲ್ಲಿ, 60 ಮೀಟರು ಆಳದಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗಿಗೆ ಸಿಕ್ಕಿತೆಂಬ ವಾರ್ತೆ ಬಂದುದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಆ ಮನೆಗಳವರು ಹೇಗೆ ಕಳೆದರೆಂಬುದನ್ನು ಮುಂಬಯಿಯಲ್ಲಿರುವ ನಮ್ಮವರು ಬಲ್ಲರು. ತನ್ನ ಸ್ಥಾನ ತನಗೆ ತಿಳಿಯುವುದೂ, ಅದು ದಡಕ್ಕೆ ತಿಳಿಯುವುದೂ ಎರಡು ಬೇರೆ ವಿಷಯಗಳೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಜಿ.ಪಿ.ಎಸ್. ಕೊಳ್ಳುವ ಹಣದಲ್ಲಿ ಒಂದು ಪಾಲನ್ನು ಸುದ್ದಿ ಕಳುಹಿಸುವ ಸಾಧನಕ್ಕೆ ತೆಗೆದಿಡುವುದು ಲೇಸು. ವಿ.ಎಚ್.ಎಫ್. ವೈರ್‌ಲೆಸ್ಸಿನ 16ನೆಯ ಚಾನೆಲು ಅಪಾಯದ ಕರೆಗೆ ಮೀಸಲು. ತಟರಕ್ಷಣಾ ಪಡೆಯ ಶುಲ್ಕರಹಿತ ಸಂಖ್ಯೆ 1554. ಉಪಗ್ರಹದ ಮೂಲಕ ಸಂದೇಶವನ್ನು ಪಡೆಯುವುದಕ್ಕೂ ಕಳುಹಿಸುವುದಕ್ಕೂ ಆಗುವ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಚಿತವಾಗಿ ಜೋಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರದಲ್ಲಿ ಚಾಲನೆ ದೊರೆಯಿತು. ತಮ್ಮ ದೋಣಿ ಅದಕ್ಕೆ ಅರ್ಹವೇ ಎಂಬುದನ್ನು ಮೀನುಗಾರಿಕಾ ಇಲಾಖೆಯಲ್ಲಿ ವಿಚಾರಿಸಿದ ಮೇಲೆಯೇ ಬೇರೆ ಯಂತ್ರದ ಮಾತು. 2019ರಲ್ಲಿ ಬಂದ ಜೆಮಿನಿ ಎಂಬ ಸಾಧನವು ಚಂಡಮಾರುತದ ಎಚ್ಚರಿಕೆಯನ್ನೂ ಮೀನಿನ ಸೂಚನೆಯನ್ನೂ ದೂರದ ಕಡಲಿಗೆ ತಲುಪಿಸುತ್ತದೆ, ಆದರೆ ದೋಣಿಯಿಂದ ದಡಕ್ಕೆ ಮಾತು ಒಯ್ಯುವುದಿಲ್ಲ. 2017ರ ಓಖಿ ಚಂಡಮಾರುತದಲ್ಲಿ ದೂರ ಹೋಗಿದ್ದ ದೋಣಿಗಳಿಗೆ ಮುನ್ನೆಚ್ಚರಿಕೆ ಮುಟ್ಟದೆ ಆದ ಅನಾಹುತವನ್ನು ನೆನೆದರೆ ಅದೂ ಸಣ್ಣ ಉಪಕಾರವಲ್ಲ.

ಚುಕ್ಕಾಣಿಯ ಮುಂದಿನ ಹಲಗೆಯ ಮೇಲೆ ಬಣ್ಣದಿಂದ ಬರೆಸಿಡಬೇಕಾದುದು ಇಷ್ಟು: ದೋಣಿಯ ಹೆಸರು, ನೋಂದಣಿ ಸಂಖ್ಯೆ, 1554, ಮತ್ತು ಸ್ಥಾನವನ್ನು ಓದುವ ಕ್ರಮ. ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ, ಒಂದೊಂದು ಅಂಕೆಯನ್ನೂ ಬಿಡಿಬಿಡಿಯಾಗಿ, ಎರಡು ಸಲ. ತಾಂಡೇಲನಲ್ಲದೆ ಇನ್ನೊಬ್ಬ ಕಲಾಸಿಗೂ ಇದು ಬರಬೇಕು. ನೀರಿಗೆ ಬೀಳುವವನು ತಾಂಡೇಲನೇ ಆಗಿರಬಹುದಷ್ಟೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಯಂತ್ರವನ್ನು ಬಿಚ್ಚಿ ಮನೆಗೆ ತರುವುದು ಒಳ್ಳೆಯದು. ಸೆಲ್ಲುಗಳನ್ನು ತೆಗೆದಿಟ್ಟು, ಸಿಹಿನೀರಿನಲ್ಲಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಉಪ್ಪನ್ನು ಒರೆಸಬೇಕು. ಸೀಮೆಎಣ್ಣೆ, ಸ್ಪಿರಿಟುಗಳು ಪರದೆಯನ್ನು ಕೆಡಿಸುತ್ತವೆ. ಗುರುತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಇದೇ ಬಿಡುವಿನ ಕಾಲ. ಆಗಸ್ಟಿನಲ್ಲಿ ಮತ್ತೆ ಜೋಡಿಸಿದ ಮೇಲೆ, ಹಗ್ಗ ಬಿಚ್ಚುವ ಮೊದಲು, ಧಕ್ಕೆಯಲ್ಲಿಯೇ ಹತ್ತು ನಿಮಿಷ ಹೊತ್ತಿಸಿಡಿ. ಬಹಳ ದಿನ ಆರಿದ್ದ ಯಂತ್ರಕ್ಕೆ ಉಪಗ್ರಹಗಳನ್ನು ಹುಡುಕಲು ಸಮಯ ಬೇಕು. ಪರದೆ ತೋರಿಸುವ ಸ್ಥಾನವನ್ನು ಪುಸ್ತಕದಲ್ಲಿ ಬರೆದಿರುವ ಧಕ್ಕೆಯ ಅಂಕೆಯೊಡನೆ ತಾಳೆ ನೋಡಿ, ಸರಿಯಿದ್ದರೆ ಹೊರಡಬಹುದು.